ಶಾರದವ್ವನ ಮೂಗು

ರಾಮದುರ್ಗದ ಶಾರದವ್ವನವರು ಅಮೆರಿಕದ ಪೊಮೊನಾಕ್ಕೆ ಬಂದು ಹನ್ನೊಂದು ವರ್ಷಗಳಾದರೂ ಒಂದು ರೂಢಿಯನ್ನು ಬಿಟ್ಟಿರಲಿಲ್ಲ. ಹಸುವಿನ ಬಳಿಗೆ ಹೋದರೆ ಮೊದಲು ಮೂಸುತ್ತಿದ್ದರು. ಮುಟ್ಟುವುದು, ನೋಡುವುದು ಆಮೇಲೆ. ತವರಿನಲ್ಲಿ ಹಾಲು ಕರೆಯುವ ಮುನ್ನ ಅವರ ತಾಯಿ ಹಾಗೆಯೇ ಮಾಡುತ್ತಿದ್ದರಂತೆ.

ಮಗಳು ರಕ್ಷಿತಾ ಪಶುವೈದ್ಯೆ. 2025ರ ಬೇಸಿಗೆಯಲ್ಲಿ, ಬದುಕಿರುವ ದನದ ಮಾಂಸವನ್ನೇ ತಿನ್ನುವ ಹುಳುವಿನ ನೊಣ ಮೆಕ್ಸಿಕೋದಲ್ಲಿ ಹಬ್ಬುತ್ತಿದೆಯೆಂಬ ಸುದ್ದಿ ಎಲ್ಲರನ್ನೂ ಹೆದರಿಸಿತ್ತು. ಆಗ ಒಂದು ಭಾನುವಾರ ಅವಳು ಊರಂಚಿನ ಡೇರಿಯ ನಲವತ್ತು ಹಸುಗಳನ್ನು ಪರೀಕ್ಷಿಸಲು ಹೊರಟಳು. ವಾರದ ಕೊನೆಗೆ ಅವು ಬೇರೆ ಡೇರಿಗೆ ಹೋಗಬೇಕಿದ್ದವು. ಶಾರದವ್ವನವರೂ ನೆರೆಮನೆಯ ನಾನೂ ಜೊತೆಗೆ ಹೋದೆವು.

ರಕ್ಷಿತಾ ಎಲ್ಲವನ್ನೂ ನೋಡಿ ಮುಗಿಸಿದಳು. ಶಾರದವ್ವನವರು ಮಾತ್ರ ಒಂದು ಕಪ್ಪುಬಿಳಿ ಹಸುವಿನ ಮುಂದೆ ನಿಂತರು.

"ಈಕೀಗಿ ಹುಳ ಬಿದ್ದಾವ."

"ಯವ್ವಾ, ಈಗಷ್ಟ ಚೆಕ್ ಮಾಡೇನಿ."

"ಕಣ್ಣಿಲೆ ನೋಡೀದಿ ಡಾಕ್ಟರಬಾಯಿ, ಮೂಗಿಲೆ ನೋಡಿಯೇನು?"

ಕೆಚ್ಚಲು ಮತ್ತು ತೊಡೆಯ ನಡುವಿನ ಮಡಿಕೆಯನ್ನು ಅವರು ಬಿಡಿಸಿದರು. ಅಲ್ಲಿ ಕಡಲೆಕಾಳಿನಷ್ಟು ತೂತು, ಅದರಿಂದ ಒಸರುವ ಕೆಂಪು ನೀರು. ನಾವು ಬೆರಗಾಗುವಷ್ಟರಲ್ಲೇ ಊರಿನ ಅಭ್ಯಾಸದಂತೆ ಒಂದು ಹುಳುವನ್ನು ಎಳೆದು ಕಾಲಿನಿಂದ ಹೊಸಕಿಬಿಟ್ಟರು.

"ಅಯ್ಯೋ! ಅದನ್ನ ಲ್ಯಾಬಿಗೆ ಕಳಸಬೇಕಿತ್ತವ್ವಾ! ಯಾವ ನೊಣದ್ದಂತ ಗೊತ್ತಾಗದಿದ್ರ ಒಂದು ಆಕಳನೂ ಇಲ್ಲಿಂದ ಬಿಡಂಗಿಲ್ಲ!"

ಉಳಿದ ಹುಳುಗಳು ಬೆದರಿ ಒಳಗೆ ಸೇರಿಕೊಂಡಿದ್ದವು. ಚಿಮಟಕ್ಕೆ ಏನೂ ಸಿಗಲಿಲ್ಲ. ರಕ್ಷಿತಾಳ ಮುಖ ಬಾಡಿತು.

"ಕೆದರಬ್ಯಾಡ, ಆಕೀಗಿ ನೋವಾಗ್ತೈತಿ. ಅವಕ್ಕೂ ಉಸಿರು ಬೇಕಲ್ಲ, ತಾವ ಬರ್ತಾವ," ಎಂದು ಶಾರದವ್ವನವರು ಚೀಲದಿಂದ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದರು. ತೂತು ತುಂಬುವಷ್ಟು ಎಣ್ಣೆ ಸುರಿದು, ಹಸುವಿನ ಬೆನ್ನಿನ ಮೇಲೆ ಕೈಯಿಟ್ಟು ಕಾದರು. ಬೇಲಿಯಾಚೆ ನಾನೂ ಉಸಿರು ಬಿಗಿಹಿಡಿದು ನಿಂತೆ.

ಎಣ್ಣೆಯ ಮೇಲೆ ಒಂದು ಗುಳ್ಳೆ ಎದ್ದಿತು. ಮತ್ತೊಂದು. ಆಮೇಲೆ, ಹುಳು ಉಸಿರಾಡುವ ಬಿಳಿಯ ಬಾಲದ ತುದಿಯೊಂದು ಮೆಲ್ಲಗೆ ಮೇಲೆ ಬಂದಿತು! ಅಷ್ಟು ಸಣ್ಣ ಜೀವ ಗಾಳಿಗಾಗಿ ಹಂಬಲಿಸುವುದನ್ನು ನಾನು ಮೊದಲ ಬಾರಿಗೆ ಕಂಡೆ. ರಕ್ಷಿತಾ ಒಂದೊಂದಾಗಿ ಒಂಬತ್ತು ಹುಳುಗಳನ್ನು ಹಿಡಿದು ಆಲ್ಕೋಹಾಲಿನ ಸೀಸೆಗೆ ಹಾಕಿದಳು.

ಗುರುವಾರ ಉತ್ತರ ಬಂದಿತು: ಅದು ಎಲ್ಲೆಡೆ ಇರುವ ಸಾಧಾರಣ ನೊಣ, ಭಯಪಟ್ಟದ್ದಲ್ಲ. ಗಾಯಗೊಂಡ ಹಸು ಮಾತ್ರ ವಾಸಿಯಾಗುವವರೆಗೆ ಉಳಿಯಿತು. ಮಿಕ್ಕವು ಶನಿವಾರ ಲಾರಿ ಏರಬಹುದಿತ್ತು.

ಏರಿಸುವ ಮೊದಲು ರಕ್ಷಿತಾ ಮತ್ತೊಮ್ಮೆ ಸಾಲಿನುದ್ದಕ್ಕೂ ನಡೆದಳು. ಪ್ರತಿ ಹಸುವಿನ ಬಳಿಯೂ ನಿಂತು, ಕಣ್ಣು ಮುಚ್ಚಿ, ಮೊದಲು ಮೂಸಿದಳು.