ಕುರುಗೋಡು ಗುಡ್ಡದಲ್ಲಿ ಓಗೊಟ್ಟ ದನಿ

ದೆವ್ವ, ಶಕುನ, ರಾಹುಕಾಲ ಎಂಬ ಮಾತು ಬಂದರೆ ಎದ್ದು ಹೋಗುತ್ತಿದ್ದವನು ನಾನು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದ್ದೇನೆ. ಎರಡಕ್ಕೆ ಎರಡು ಸೇರಿದರೆ ನಾಲ್ಕು, ಅಮಾವಾಸ್ಯೆಯ ದಿನವೂ ನಾಲ್ಕೇ ಎಂದು ಹೇಳಿ ಹುಡುಗರನ್ನು ನಗಿಸುತ್ತಿದ್ದೆ. ಇಂಥವನು ಈ ವಯಸ್ಸಿನಲ್ಲಿ ಹೀಗೊಂದು ಸಂಗತಿ ಬರೆಯಲು ಕೂತರೆ, ಮುದುಕನಿಗೆ ಅರಳುಮರುಳು ಎಂದು ನೀವು ನಗಬಹುದು. ನಗಿರಿ. ನಾನು ಕಂಡದ್ದಕ್ಕಿಂತ, ಅಂದರೆ ಕೇಳಿದ್ದಕ್ಕಿಂತ, ಒಂದು ಕಾಳು ಹೆಚ್ಚು ಬರೆಯುವುದಿಲ್ಲ.

ಇದು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳ ಮಾತು. ನಮ್ಮ ಮನೆ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿತ್ತು. ಅಪ್ಪ ಕೋರ್ಟಿನಲ್ಲಿ ಗುಮಾಸ್ತರು. ಬೇಸಿಗೆಯಲ್ಲಿ ಕೋರ್ಟು ಮುಚ್ಚಿದೊಡನೆ ಅವರ ಮೇಲಿನ ಬಿಳಿಯ ದೊರೆ ತಣ್ಣನೆಯ ಗಾಳಿಗೆಂದು ಸೊಂಡೂರಿನ ಗುಡ್ಡಗಳಿಗೆ ಹೋಗಿಬಿಡುತ್ತಿದ್ದ. ಅದನ್ನು ನೋಡಿ ನೋಡಿ ಅಪ್ಪನಿಗೂ ಆ ಹುಚ್ಚು ಹತ್ತಿತು. ನಮಗೆ ಸೊಂಡೂರು ಎಲ್ಲಿಂದ ಬರಬೇಕು? ಅಮ್ಮನ ತವರು ಕುರುಗೋಡು. ಸೋದರಮಾವ ಅಲ್ಲಿಯ ಶಾನುಭೋಗರು. ಊರ ಪಕ್ಕದಲ್ಲೇ ಹಳೆಯ ಕೋಟೆಯ ಗುಡ್ಡ. ಪ್ರತಿ ಬೇಸಿಗೆ ಅಲ್ಲಿಗೆ ಹೋಗಿ, ದಿನಾ ಬೆಳಗಾಗುವ ಮುಂಚೆ ಗುಡ್ಡ ಹತ್ತಿ, ಮೇಲೆ ಕೂತು ಹಚ್ಚಿದ ಅವಲಕ್ಕಿ ತಿಂದು, ಬಂಡೆ ಕಾಯುವುದರೊಳಗೆ ಇಳಿದು ಬರುವುದು. ಇದೇ ನಮ್ಮ ರಜೆ.

ಊರವರಿಗೆ ನಾವು ನಗೆಪಾಟಲು. "ಬ್ಯಾಸಿಗ್ಯಾಗ ಮಂದಿ ನೆಳ್ಳು ಹುಡುಕ್ತಾರ, ಈ ಬಳ್ಳಾರಿಯವ್ರು ಬಂಡಿಗಲ್ಲು ಹತ್ತತಾರ ನೋಡ್ರಿ," ಎಂದು ಮಾವನೇ ಆಡಿಕೊಳ್ಳುತ್ತಿದ್ದರು.

ಅಪ್ಪ ಬಿಡುತ್ತಿರಲಿಲ್ಲ. "ದೊರಿ ಹೋದ್ರ ಹವಾ ಬದಲಾವಣಿ, ನಾವು ಹೋದ್ರ ಹುಚ್ಚೇನು?" ಎನ್ನುತ್ತಿದ್ದರು.

ಗುಡ್ಡಕ್ಕೆ ಹೋಗುತ್ತಿದ್ದವರು ನಾಲ್ವರು: ಅಪ್ಪ, ನಾನು, ನನ್ನ ತಂಗಿ ತುಂಗಾ, ಎಲ್ಲರಿಗಿಂತ ಚಿಕ್ಕವನು ತಮ್ಮ ಶೀನ. ಹಾದಿ ದೊಡ್ಡ ದೊಡ್ಡ ಬಂಡೆಗಳ ನಡುವೆ ಹೊರಳಿ ಹೊರಳಿ ಹೋಗುತ್ತದೆ. ಮುಂದಿದ್ದವರಿಗೆ ಹಿಂದಿನವರು ಕಾಣುವುದಿಲ್ಲ. ಅದಕ್ಕೆ ಅಪ್ಪ ಒಂದು ನಿಯಮ ಮಾಡಿದ್ದರು. ಪ್ರತಿ ತಿರುವಿನಲ್ಲೂ ಅವರು ಮುಂದಿನಿಂದ "ಹಿಂದ ಯಾರು?" ಎಂದು ಕೂಗುವರು. ಎಲ್ಲರಿಗಿಂತ ಕೊನೆಗೆ ಇದ್ದವರು ಮಾತ್ರ "ನಾ ಅದೀನಿ" ಎಂದು ಓಗೊಡಬೇಕು. ಕೊನೆಯವರ ದನಿ ಬಂತೆಂದರೆ ನಡುವಿನವರೆಲ್ಲ ಇದ್ದಾರೆಂದೇ ಅರ್ಥ. ಕೊನೆಯವಳು ಯಾವಾಗಲೂ ತುಂಗಾ. ಕವಳಿ ಹಣ್ಣಿನ ಗಿಡ ಕಂಡರೆ ಅವಳ ಕಾಲು ಅಲ್ಲೇ ಊರುತ್ತಿತ್ತು. "ನಾ ಅದೀನಿ" ಎಂದು ಬಾಯಿ ತುಂಬ ಹಣ್ಣು ಇಟ್ಟುಕೊಂಡು ಕೂಗುವಳು. ಅಪ್ಪ ಮುಂದಿನಿಂದ, "ಅವಸರ ಬ್ಯಾಡಮ್ಮಾ, ಕೂತು ಬಾ," ಎನ್ನುವರು. ನಾವು ಹುಡುಗರು ಹಿಂದುಳಿದರೆ ಮಾತ್ರ ಬೈಗುಳ.

ಹನ್ನೊಂದಕ್ಕೆ ಅವಳ ಮದುವೆಯಾಯಿತು, ಸಿರುಗುಪ್ಪಕ್ಕೆ ಕೊಟ್ಟೆವು. ಹದಿನಾಲ್ಕಕ್ಕೆ ಗಂಡನ ಮನೆಗೆ ಹೋದಳು. ಆಮೇಲಿನ ಎರಡು ಬೇಸಿಗೆ ಅವಳನ್ನು ಕಳಿಸಲಿಲ್ಲ. ಮೂರನೆಯ ಬೇಸಿಗೆಯ ಹೊತ್ತಿಗೆ ಅವಳು ಬಸುರಿ. ಚೊಚ್ಚಲ ಹೆರಿಗೆ ತವರಿನ ಹಕ್ಕು. ಏಳು ತಿಂಗಳು ತುಂಬುವುದರೊಳಗೆ ಕರೆತಂದುಬಿಡಬೇಕು, ಎಂಟರಲ್ಲಿ ಬಸುರಿ ಊರ ಗಡಿ ದಾಟಬಾರದು, ತಪ್ಪಿದರೆ ಒಂಬತ್ತಕ್ಕೇ ಎಂಬುದು ನಮ್ಮಲ್ಲಿಯ ಕಟ್ಟಳೆ. ಕರೆತರುವ ಕೆಲಸ ನನ್ನ ಪಾಲಿಗೆ ಬಂತು. "ಗುಡ್ಡ ಹತ್ತೂದು ಆಗೂದಿಲ್ಲ, ಬುಡದಾಗರೆ ಕೂತಿರ್ತೀನಿ, ಲಗೂ ಬಾ ಅಂತ ಅಣ್ಣಗ ಹೇಳ್ರಿ," ಎಂದು ಅವಳು ಸಿರುಗುಪ್ಪದಿಂದ ಬಂದವರೊಬ್ಬರ ಕೈಯಲ್ಲಿ ಹೇಳಿಕಳಿಸಿದ್ದಳು.

ಆಗ ನನಗೆ ಇಪ್ಪತ್ತು. ಕಂಟೋನ್ಮೆಂಟಿನ ಒಬ್ಬ ಬಿಳಿಯ ಸಿಪಾಯಿ ತನ್ನ ದೇಶಕ್ಕೆ ಮರಳುವಾಗ ತನ್ನ ಸೈಕಲ್ಲನ್ನು ಮಾರಿದ್ದ, ಅದು ನನ್ನ ಕೈಗೆ ಬಂದಿತ್ತು. ಈಗಿನ ಹುಡುಗರಿಗೆ ಹೇಳಿದರೆ ತಿಳಿಯುವುದಿಲ್ಲ, ಆ ಕಾಲಕ್ಕೆ ಸೈಕಲ್ಲೆಂದರೆ ಆನೆಯ ಮೇಲೆ ಕೂತಂತೆ. ಅಪ್ಪನ ಕೋರ್ಟು ಮುಚ್ಚಲು ಇನ್ನೂ ವಾರವಿತ್ತು. ಅಮ್ಮನೂ ಶೀನನೂ ಚಕ್ಕಡಿಯಲ್ಲಿ ಮುಂದೆ ಕುರುಗೋಡಿಗೆ ಹೋದರು, ನಾನು ಹಿಂದಿನಿಂದ ಸೈಕಲ್ ಮೇಲೆ ಹೊರಟೆ. ಬಾದನಹಟ್ಟಿಯಲ್ಲಿ ಊರಿಗೆ ಊರೇ ಓಡಿ ಬಂತು. "ಎತ್ತಿಲ್ಲ, ಕುದರಿ ಇಲ್ಲ, ಅಬಬಾ, ಇದೆಂಥ ಗಾಡಿರೀ!" ಎಂದು ಒಬ್ಬ ಮುದುಕ ಚಕ್ರ ಮುಟ್ಟಿ ಕೈಮುಗಿದ. ನನ್ನ ಎದೆ ಇಷ್ಟಗಲವಾಯಿತು. ಅಲ್ಲಿಂದ ಒಂದು ಹರದಾರಿ ಹಾದಿ ದಾಟುವುದರೊಳಗೆ ಜಾಲಿಮುಳ್ಳು ಚುಚ್ಚಿ ಹಿಂದಿನ ಗಾಲಿಯ ಗಾಳಿ ಹೋಯಿತು. ಕುರುಗೋಡಿನವರೆಗೆ ತಳ್ಳಿಕೊಂಡು ಹೋದೆ.

ಈಗ ನನ್ನ ತಪ್ಪಿನ ಮಾತು. ತುಂಗಾಳನ್ನು ತರಲು ಮಾವನ ಕಮಾನುಬಂಡಿ ಸಿದ್ಧವಾಗಿತ್ತು. ಎತ್ತುಗಳಿದ್ದವು, ಬಂಡಿ ಹೊಡೆಯುವವನಿದ್ದ. ನಾನು ಮರುದಿನವೇ ಹತ್ತಿ ಕೂತಿದ್ದರೆ ಆಗಿತ್ತು. ಆದರೆ ನನಗೆ ಸೈಕಲ್ ಮೇಲೆ ಹೋಗಿ ತಂಗಿಯ ಬಾಗಿಲಲ್ಲಿ ಗಂಟೆ ಬಾರಿಸಬೇಕಾಗಿತ್ತು. ಗಾಲಿಗೆ ಹಚ್ಚುವ ರಬ್ಬರು ಬಳ್ಳಾರಿಯಿಂದ ಬರಬೇಕು. ಹೇಳಿಕಳಿಸಿದೆ, ಕಾಯುತ್ತ ಕೂತೆ. ಒಂದು ದಿನ, ಎರಡು ದಿನ.

"ಏಳು ತುಂಬಲಿಕ್ಕ ಬಂತೋ. ಆ ಗಾಡಿ ಇಲ್ಲೇ ಬಿಟ್ಟು ಹೋಗಿ ಬಾರೋ, ನಿನ್ನ ಕಾಲು ಹಿಡೀತೀನಿ," ಎಂದಳು ಅಮ್ಮ.

"ಏಳಾದ್ರೇನು, ಎಂಟಾದ್ರೇನಮ್ಮ? ಹೊಟ್ಟ್ಯಾಗಿನ ಕೂಸಿಗೆ ಪಂಚಾಂಗ ಓದಾಕ ಬರತೈತೇನು?" ಎಂದು ನಾನು ನಕ್ಕೆ. ಆ ಮಾತಾಡಿದ ನನ್ನ ನಾಲಗೆಯನ್ನು ನಾನು ಎಷ್ಟು ಸಲ ಶಪಿಸಿದ್ದೇನೋ.

ನಾಲ್ಕನೆಯ ದಿನ ರಬ್ಬರು ಬಂತು. ಐದನೆಯ ದಿನ ಬಂಡಿಯನ್ನು ಹಿಂದೆ ಬರಹೇಳಿ ನಾನು ಸೈಕಲ್ ಹತ್ತಿದೆ. ಸಿರುಗುಪ್ಪ ಮುಟ್ಟಿದಾಗ ಮಧ್ಯಾಹ್ನ. ತುಂಗಾಳ ಅತ್ತೆ ನೀರು ಬೆಲ್ಲ ಕೊಟ್ಟು ಉಪಚರಿಸಿದರು, ಊಟಕ್ಕೆ ಹಾಕಿದರು, ಆಮೇಲೆ ಮೆಲ್ಲಗೆ ಹೇಳಿದರು: "ತಪ್ಪು ತಿಳೀಬ್ಯಾಡಪಾ. ನಿನ್ನೆ ಎಂಟು ಹತ್ತೇತಿ. ಮೊನ್ನೆ ಬಂದಿದ್ರ ನಾನ ಉಡಿ ತುಂಬಿ ಕಳಸ್ತಿದ್ದೆ. ಇನ್ನ ಒಂಬತ್ತಕ್ಕ ಬಾ." ನಾನು ವಾದಿಸಿದೆ. ಲೆಕ್ಕ ಹೇಳಿದೆ. ಅವರು ಕೆಟ್ಟವರಲ್ಲ, ಆದರೆ ಅವರೂ ಹೆದರಿದ್ದರು. ಹೂಂ ಎನ್ನಲಿಲ್ಲ.

ತುಂಗಾ ಬಾಗಿಲ ಹಿಂದೆ ನಿಂತಿದ್ದಳು. ಮುಖ ಬಿಳಿಚಿತ್ತು, ಕಾಲು ಬಾತಿದ್ದವು. ಅಳುತ್ತಾಳೆಂದುಕೊಂಡೆ, ಅಳಲಿಲ್ಲ. "ಇರಲಿ ಬಿಡಣ್ಣ, ಒಂದ ತಿಂಗಳು ಅಲ್ಲೇನು," ಎಂದಳು. ಅಂಗಳಕ್ಕೆ ಬಂದು ಸೈಕಲ್ ನೋಡಿದಳು, ಗಂಟೆಯನ್ನು ತಾನೇ ಬಾರಿಸಿ ನೋಡಿದಳು. ಆಮೇಲೆ ಅತ್ತೆ ಒಳಗೆ ಹೋದದ್ದನ್ನು ನೋಡಿ, ತಗ್ಗಿದ ದನಿಯಲ್ಲಿ, "ನನಗ ಇಲ್ಲಿ ಅಂಜಿಕಿ ಆಗತೈತಣ್ಣ," ಎಂದಳು. ನಾನು ಏನೋ ಸಮಾಧಾನ ಹೇಳಿದೆ. ಖಾಲಿ ಬಂಡಿಯನ್ನು ಹಿಂದಕ್ಕೆ ಹೊಡೆಸಿಕೊಂಡು ಬಂದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಆ ಹಾದಿಯುದ್ದಕ್ಕೂ ನನಗೆ ಅದೇ ಆಯಿತು.

ಎರಡು ದಿನದ ಮೇಲೆ ಅಪ್ಪ ಬಂದರು. ಹೊಸ್ತಿಲು ದಾಟುತ್ತಲೇ ಕೇಳಿದ್ದು, "ತುಂಗಾ ಎಲ್ಲಿ?" ಅಪ್ಪ ನನ್ನನ್ನೊಮ್ಮೆ, ಗೋಡೆಗೆ ಒರಗಿಸಿದ್ದ ಸೈಕಲ್ಲನ್ನೊಮ್ಮೆ ನೋಡಿದರು. ಬೈಯಲಿಲ್ಲ. ಕೈಕಾಲು ತೊಳೆಯಲು ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಆ ವರ್ಷವೂ ಗುಡ್ಡ ಹತ್ತುವುದು ನಿಲ್ಲಲಿಲ್ಲ, ಆದರೆ ಅದರಲ್ಲಿ ಸುಖವಿರಲಿಲ್ಲ. ಅಪ್ಪ ಮುಂದೆ, ಶೀನ ನಡುವೆ, ನಾನು ಕೊನೆಗೆ. ತಿರುವಿನಲ್ಲಿ ಅಪ್ಪ ಕೂಗುವುದನ್ನೂ ಬಿಟ್ಟಿದ್ದರು. ಮೂವರು ಗಂಡಸರಿಗೆ ಅದೇಕೆ?

ಹೀಗೆ ಹತ್ತು ಹನ್ನೆರಡು ದಿನ ಕಳೆದಿರಬೇಕು. ಅವತ್ತು ತುಸು ತಡವಾಗಿ ಹೊರಟಿದ್ದೆವು. ಬಿಸಿಲು ಆಗಲೇ ಚುರುಕಾಗಿತ್ತು. ಹಾಳುಬಿದ್ದ ಬುರುಜಿನ ಕೆಳಗೆ ಒಂದು ಕಡಿದಾದ ತಿರುವಿದೆ. ಅಪ್ಪ ಅದನ್ನು ದಾಟಿ ಮರೆಯಾಗಿದ್ದರು, ಶೀನ ನನಗಿಂತ ನಾಲ್ಕು ಹೆಜ್ಜೆ ಮುಂದೆ. ಏನನ್ನಿಸಿತೋ, ಹಳೆಯ ರೂಢಿಯೋ, ಅಪ್ಪ ಮೇಲಿನಿಂದ "ಹಿಂದ ಯಾರು?" ಎಂದು ಕೂಗಿದರು.

ನಾನು ಉತ್ತರ ಕೊಡಲು ಉಸಿರೆಳೆದುಕೊಂಡೆ. ಬಾಯಿ ತೆರೆಯುವುದರೊಳಗೆ ನನ್ನ ಹಿಂದಿನಿಂದ "ನಾ ಅದೀನಿ" ಎಂದು ಕೇಳಿತು.

ದೂರದಿಂದಲ್ಲ. ಒಂದು ಮೂವತ್ತು ನಲವತ್ತು ಹೆಜ್ಜೆ ಕೆಳಗಿನಿಂದ, ಬಂಡೆಯ ಆಚೆಯಿಂದ. ತುಂಗಾಳ ದನಿ. ಅವಳ ದನಿಯಂತೆ ಇತ್ತು ಎಂದು ನಾನು ಬರೆಯುತ್ತಿಲ್ಲ, ಗಮನಿಸಿ. ಅವಳದೇ.

ಮೇಲಿನಿಂದ ಅಪ್ಪ ತಡೆಯದೆ, ಯೋಚಿಸದೆ, "ಅವಸರ ಬ್ಯಾಡಮ್ಮಾ, ಕೂತು ಬಾ," ಎಂದರು. ಅಷ್ಟು ಅಂದಮೇಲೆ ಅವರಿಗೆ ತಾವು ಏನಂದೆವೆಂಬುದು ತಿಳಿದಿರಬೇಕು. ಶೀನ ತಿರುಗಿ ನನ್ನ ಮುಖ ನೋಡಿದ.

ನಾನು ಕೆಳಗೆ ಓಡಿದೆ. ಬಂಡೆಯ ಆಚೆ ಯಾರೂ ಇಲ್ಲ. ಕುರಿ ಕಾಯುವ ಹುಡುಗಿಯರಿರಬಹುದೆಂದು ಬುಡದವರೆಗೂ ಹೋಗಿ ನೋಡಿದೆ. ಕುರಿಗಳೂ ಇಲ್ಲ, ಹುಡುಗಿಯರೂ ಇಲ್ಲ. ಮರುದನಿ ಇರಬಹುದೆಂದು ಅದೇ ತಿರುವಿಗೆ ಬಂದು ನಿಂತು "ಹಿಂದ ಯಾರು" ಎಂದು ನಾಲ್ಕಾರು ಸಲ ಕೂಗಿದೆ. ಮರುದನಿ ಬಂತು. ಮರುದನಿ ಏನು ಹೇಳುತ್ತದೆ? "ಯಾರು" ಎಂದಷ್ಟೇ. ಕೇಳಿದ್ದನ್ನೇ ಕೇಳುತ್ತದೆ, ಉತ್ತರ ಕೊಡುವುದಿಲ್ಲ.

ಮೇಲೆ ಹೋಗಿ ನೋಡಿದರೆ ಅಪ್ಪ ಒಂದು ಬಂಡೆಯ ಮೇಲೆ ಹಾದಿಯ ಕಡೆ ಮುಖ ಮಾಡಿ ಕೂತಿದ್ದಾರೆ. "ಇಳಿಯೋಣ ನಡೀರಿ ಅಪ್ಪಾ," ಎಂದೆ.

"ತಡಿ. ಕೂಸು ಬರ್ಲಿ," ಎಂದರು.

ನನ್ನ ಅಪ್ಪ ಹುಚ್ಚರಲ್ಲ. ಕೋರ್ಟಿನ ಕಾಗದದಲ್ಲಿ ಒಂದು ಅಕ್ಷರ ತಪ್ಪಿದರೆ ಹಿಡಿಯುವ ಮನುಷ್ಯ. ಅವರು ಬಂಡೆ ಸುಡುವವರೆಗೂ ಅಲ್ಲಿ ಕೂತರು. ನಾವಿಬ್ಬರೂ ಕೂತೆವು. ಕೊನೆಗೆ ಅವರೇ ಎದ್ದು, ಪಂಚೆ ಕೊಡವಿಕೊಂಡು ಇಳಿದರು.

ಸಂಜೆ ಸಿರುಗುಪ್ಪದಿಂದ ಆಳು ಬಂದ. ತಲೆಯ ರುಮಾಲು ಕೈಯಲ್ಲಿ ಹಿಡಿದುಕೊಂಡೇ ಬಂದ, ಅದನ್ನು ನೋಡಿಯೇ ಅಮ್ಮ ಕುಸಿದಳು. ರಾತ್ರಿಯೇ ನೋವು ಶುರುವಾಗಿತ್ತಂತೆ, ದಿನ ತುಂಬದ ಕೂಸು ಹುಟ್ಟುತ್ತಲೇ ಹೋಯಿತು, ತುಂಗಾ ಬೆಳಿಗ್ಗೆ ಹೋದಳು.

"ಎಷ್ಟು ಹೊತ್ತಿಗೆ?" ಎಂದು ನಾನು ಕೇಳಿದೆ.

"ದನ ಮೇಯಾಕ ಬಿಟ್ಟಿದ್ವಿರಿ ಅಷ್ಟೊತ್ತಿಗೆ," ಎಂದ.

ನಾವು ತಿರುವಿನಲ್ಲಿದ್ದಾಗ ಎಷ್ಟು ಗಂಟೆಯೋ ನನಗೂ ಗೊತ್ತಿಲ್ಲ, ನಮ್ಮಲ್ಲಿ ಗಡಿಯಾರವಿರಲಿಲ್ಲ. ಎರಡೂ ಒಂದೇ ಗಳಿಗೆ ಎಂದು ನಾನು ಆಣೆ ಮಾಡಲಾರೆ. ಹತ್ತಿರ ಹತ್ತಿರ, ಅಷ್ಟೇ.

ಅಂದಿನಿಂದ ಇಂದಿನವರೆಗೆ ಇದನ್ನು ಎಷ್ಟು ಕಡೆಯಿಂದ ತಿರುವಿ ನೋಡಿದ್ದೇನೋ. ಮನಸ್ಸಿನಲ್ಲಿ ತಪ್ಪಿನ ಭಾರವಿತ್ತು, ಕಿವಿ ತನಗೆ ಬೇಕಾದ್ದನ್ನು ಕೇಳಿಸಿಕೊಂಡಿತು ಎನ್ನಿ. ಒಪ್ಪುತ್ತೇನೆ. ಆದರೆ ಅಪ್ಪನಿಗೆ ಯಾವ ತಪ್ಪಿತ್ತು? ಶೀನನನ್ನು ದೊಡ್ಡವನಾದ ಮೇಲೆ ಕೇಳಿದೆ. "ಕೇಳಿಸ್ತೋ, ಇಲ್ಲಾ ನಿನ್ನ ಮಾರಿ ನೋಡಿ ಕೇಳಿಸ್ತು ಅನ್ಕೊಂಡ್ನೋ, ಈಗ ಹೇಳಾಕ ಆಗೂದಿಲ್ಲಣ್ಣ," ಎಂದ. ಅಪ್ಪ ಸಾಯುವವರೆಗೆ ಆ ಮಾತು ಎತ್ತಲಿಲ್ಲ. ಗುಡ್ಡಕ್ಕೂ ಮತ್ತೆ ಹೋಗಲಿಲ್ಲ. ಸೈಕಲ್ಲನ್ನು ನಾನು ಯಾರಿಗೋ ಕೊಟ್ಟುಬಿಟ್ಟೆ.

ಅಮ್ಮ ಮಾತ್ರ ನಂಬಿದಳು. ನಂಬಿದಳು ಎನ್ನುವುದಕ್ಕಿಂತ, ಅವಳಿಗೆ ಅದು ಬೇಕಾಗಿತ್ತು. ಮಗಳ ಕೊನೆಯ ಮಾತು ಕೇಳಲು ಅವಳಿಗೆ ಸಿಗಲಿಲ್ಲ, ನಮಗೆ ಸಿಕ್ಕಿತ್ತು. ಎಷ್ಟೋ ವರ್ಷ ಕಳೆದ ಮೇಲೆ, ಹಾಸಿಗೆ ಹಿಡಿದಿದ್ದಾಗ, ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದಳು: "ಒಂದ ಮಾತು ಖರೇ ಹೇಳೋ. ಆಕಿ ದನಿ ಹ್ಯಾಂಗಿತ್ತು? ನೋವಿನಾಗಿದ್ಲೇನು?"

"ಇಲ್ಲಮ್ಮಾ. ನಗ್ತಿದ್ಲು," ಎಂದೆ.

"ಹೌದೇನೋ?"

"ಹೌದಮ್ಮಾ."

ಅಮ್ಮ ಕಣ್ಣು ಮುಚ್ಚಿಕೊಂಡಳು. ಆ ಮೇಲೆ ಬದುಕಿದ್ದ ನಾಲ್ಕು ತಿಂಗಳು ಮತ್ತೆ ಅದನ್ನು ಕೇಳಲಿಲ್ಲ.

ನಿಮಗೆ ಮಾತ್ರ ಸುಳ್ಳು ಹೇಳಲಾರೆ. ಅವಳು ನಗುತ್ತಿರಲಿಲ್ಲ. ಏದುಸಿರು ಬಿಡುತ್ತಿದ್ದಳು. ಭಾರ ಹೊತ್ತುಕೊಂಡು, ನಮ್ಮನ್ನು ಹೇಗಾದರೂ ಕೂಡಿಕೊಳ್ಳಬೇಕೆಂದು, ಆ ಏರಿನಲ್ಲಿ ಓಡಿ ಬರುತ್ತಿದ್ದಳು.