ಹೆಸರು ಬೇಡವೆಂದ ದಾನಿಗಳು

ಗೆಳೆಯರೇ, ಎರಡು ದಿನ ಬಂಡಿಯಲ್ಲಿ ಕುಲುಕಿ ಸೊಂಟ ಬಿದ್ದುಹೋಗಿದೆ. ಬೀದರಿನ ನಮ್ಮ ಧರ್ಮದ ದವಾಖಾನೆಗೆ ಇನ್ನೂ ಕೋಣೆಗಳಿಲ್ಲ. ರೋಗಿಗಳು ಬೇವಿನ ಮರದ ಕೆಳಗೆ ಮಲಗಿದ್ದಾರೆ. ಕೋಣೆ ಕಟ್ಟಲು ಯಾರು ಹಣ ಕೊಟ್ಟಾರು ಎಂದು ಪತ್ತೆ ಹಚ್ಚುವುದು, ಶಾಲೆಗೆ ರಜೆ ಇದೆಯೆಂದು, ಮಾಸ್ತರನಾದ ನನ್ನ ಪಾಲಿಗೆ ಬಂದಿದೆ.

ಇವತ್ತು ಭಾಲ್ಕಿಯಲ್ಲಿ ಒಂದು ಬಾವಿ, ಒಂದು ಧರ್ಮಶಾಲೆ ನೋಡಿದೆ. ಎರಡರ ಮೇಲೂ ಕಾಳಿನ ವ್ಯಾಪಾರಿ ಚನ್ನಬಸಪ್ಪನವರ ಹೆಸರಿನ ಕಲ್ಲು. ನೆಟ್ಟಗೆ ಅವರ ಅಂಗಡಿಗೆ ಹೋದೆ. ಒಂದು ಕೋಣೆ ಕಟ್ಟಿಸಲು ಕೂಡಲೇ ಒಪ್ಪಿದರು.

"ನಿಮ್ಮ ಹೆಸರಿನ ಕಲ್ಲ ಹಚ್ಚತೇವ್ರಿ" ಎಂದೆ.

ಅವರು ಗಾಬರಿಯಾದರು. "ಬ್ಯಾಡ್ರಿ ಮಾಸ್ತರ! ಅಲ್ಲಿ ಯಾರರೆ ಸತ್ರ, ಚನ್ನಬಸಪ್ಪನ ಕೋಣ್ಯಾಗ ಸತ್ತ ಅಂತಾರ ಮಂದಿ. ನಮ್ಮ ತಮ್ಮನ ಹೆಸರ ಹಾಕ್ರಿ."

ತಮ್ಮ ಸಿದ್ರಾಮಪ್ಪನವರ ಅಂಗಡಿ ಎದುರಿಗೇ ಇದೆ. ಮನೆ ಪಾಲಾದಾಗಿನಿಂದ ಇಬ್ಬರಿಗೂ ಮಾತಿಲ್ಲ. ರಸ್ತೆ ದಾಟಿ ಅವರನ್ನೂ ಕೇಳಿದೆ. ಅವರೂ ಒಂದು ಕೋಣೆಗೆ ಒಪ್ಪಿದರು. ಹೆಸರಿನ ಮಾತು ಎತ್ತುವ ಮೊದಲೇ ಕೈ ಅಡ್ಡ ಆಡಿಸಿದರು.

"ನನ್ನ ಹೆಸರ ಯಾಕ್ರಿ? ನಮ್ಮಣ್ಣಗ ಕಲ್ಲಿನ ಮ್ಯಾಲ ಹೆಸರಂದ್ರ ಭಾಳ ಹೌಸ್, ಭಾಳ ಆಸೆ. ಅವನ್ದೇ ಹಾಕ್ರಿ. ಸಾವು ನೋವು ಎಲ್ಲಾ ಅವನ ಹೆಸರಿಗೇ ಹೋಗ್ಲಿ."

ಅಣ್ಣ ಹೇಳಿದ್ದನ್ನು ತಮ್ಮನಿಗೆ ಹೇಳಿದ್ದರೆ ಎರಡು ಕೋಣೆಯೂ ಹೋಗುತ್ತಿದ್ದವು. ಅಣ್ಣನ ಕೋಣೆಗೆ ತಮ್ಮನ ಹೆಸರು, ತಮ್ಮನ ಕೋಣೆಗೆ ಅಣ್ಣನ ಹೆಸರು ಬರೆದುಕೊಂಡು ಬಂಡಿ ಹತ್ತಿದೆ.

ಯಾರ ಹೆಸರಿನ ಕೋಣೆಯನ್ನು ಯಾರು ಕಟ್ಟಿಸಿದರು ಎಂಬುದು ಊರಲ್ಲಿ ಮುಚ್ಚಿಟ್ಟರೂ ನಿಲ್ಲುವ ಮಾತಲ್ಲ. ಒಂದು ದಿನ ಮಂದಿ ಆ ಎರಡು ಕಲ್ಲು ತೋರಿಸಿ, ಅಣ್ಣತಮ್ಮಂದಿರೆಂದರೆ ಹೀಗಿರಬೇಕು ಎಂದು ತಮ್ಮ ಮಕ್ಕಳಿಗೆ ಬುದ್ಧಿ ಹೇಳುತ್ತಾರೆ.