ಅಂಟಿಸಿದ ಪುಟಗಳ ಸತ್ತೆವ್ವ

ಬೆಳಗಿನ ಆರು ಗಂಟೆ. ದಾಂಡೇಲಿಯ ಕಾಲನಿ ವಾಚನಾಲಯದ ಹಿಂದೆ ನಲವತ್ತರ ಸತ್ತೆವ್ವ ಮೈದಾ ಕುದಿಸುತ್ತಿದ್ದಾಳೆ. ಗಂಟಾಗದಂತೆ ಕಡ್ಡಿ ತಿರುಗಿಸುತ್ತಾಳೆ, ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಉದುರಿಸುತ್ತಾಳೆ. ಕಾಗದದ ಗಿರಣಿಯ ಭೋಂಗಾ ಕೂಗುವಷ್ಟರಲ್ಲಿ ಅಂಟು ಆರಿರಬೇಕು.

ಹಳಿಯಾಳದಲ್ಲಿ ಪುಸ್ತಕ ಕಟ್ಟುತ್ತಿದ್ದ ಅಪ್ಪನಿಂದ ಕಲಿತ ಕಸುಬು. ಅಕ್ಷರ ಮಾತ್ರ ಕಲಿಯಲಿಲ್ಲ. ವಾರಕ್ಕೆ ಮೂವತ್ತು ಪುಸ್ತಕಗಳ ಬೆನ್ನು ಹೊಲಿಯುತ್ತಾಳೆ. ಅವುಗಳಲ್ಲಿ ಒಂದು ತಪ್ಪದೆ ಪ್ರತಿ ವಾರ ಬರುತ್ತದೆ: ಇಟಲಿ ದೇಶದ ಹಳೆಯ ಕತೆಗಳ ಕನ್ನಡ ಅನುವಾದ. ಊರಿಗೆ ಪ್ಲೇಗು ಬಂದಾಗ ತೋಟದ ಮನೆ ಸೇರಿದ ಹತ್ತು ಜನ ಹೊತ್ತು ಕಳೆಯಲು ಹೇಳಿಕೊಂಡ ಕತೆಗಳವು.

“ನಮ್ಮವ್ವನೂ ಪ್ಲೇಗಿನಾಗ ಹೊಲದಾಗ ಗುಡಸಲಾ ಹಾಕಿದ್ಲರಿ. ಆಕೀಗೆ ರೊಟ್ಟಿ ಬಡಿಯೂದ ಆತು, ಕತಿ ಎಲ್ಲಿಂದು?” ಎನ್ನುತ್ತಾಳೆ ಸತ್ತೆವ್ವ.

ಒಂದು ಕತೆ ಸಂಸಾರಸ್ಥರು ಓದುವಂಥದ್ದಲ್ಲವೆಂದು ಕಾರ್ಯದರ್ಶಿ ಬಸಲಿಂಗಯ್ಯನವರ ತೀರ್ಮಾನ. ಹರಿದು ಹಾಕಲು ಕೈ ಬಾರದು. ಆ ಪುಟಗಳ ಮೂಲೆಗೆ ಕೆಂಪು ಪೆನ್ಸಿಲ್ಲಿನ ಗೆರೆ ಎಳೆದರು. ಸತ್ತೆವ್ವ ಒಂದಕ್ಕೊಂದು ಅಂಟಿಸಿದಳು. ಓದುಗರು ಚಹಾ ಕಿಟ್ಲಿಯ ಹಬೆಗೆ ಹಿಡಿದು ಬಿಡಿಸಿಕೊಂಡರು. ಮೂರು ವರ್ಷದಿಂದ ಇದೇ ಕತೆ: ಅವರು ಬಿಡಿಸುವುದು, ಇವಳು ಅಂಟಿಸುವುದು.

“ಹಾಳಿ ಮ್ಯಾಲ ಚಾದ ಕಲಿ. ಮೆಕ್ಯಾನಿಕ್ ಅಮೀರಸಾಬರಿಗೆ, ಪುಸ್ತಕಾ ಓದೀರೋ ಕುಡದೀರೋ ಅಂತ ಕೇಳಿದೆ. ‘ಮಳಿಗೆ ತೊಯ್ದೈತಿ ಬೇ’ ಅಂದ್ರು. ಶಿವರಾತ್ರ್ಯಾಗ ಮಳಿ!”

ಒಮ್ಮೆ ಸತ್ತೆವ್ವನೇ ತಪ್ಪಿದಳು. ಹೆಬ್ಬೆರಳುಗಳು ಉಜ್ಜಿ ಉಜ್ಜಿ ಕೆಂಪು ಗೆರೆ ಅಳಿಸಿಹೋಗಿತ್ತು. ಅಂದಾಜಿನ ಮೇಲೆ ಪಕ್ಕದ ಕತೆ, ಯಾವಳೋ ಸಹನಶೀಲೆ ಹೆಂಡತಿಯದು, ಅಂಟಿಸಿಬಿಟ್ಟಳು. ಎರಡು ತಿಂಗಳು ಒಂದು ತಕರಾರಿಲ್ಲ. ಪುಸ್ತಕ ಹಬೆ ತಾಗದೆ ಒಣಗಿಕೊಂಡೇ ಮರಳುತ್ತಿತ್ತು. ಆ ಹೆಂಡತಿಯನ್ನು ಬಿಡಿಸುವ ಉಸಾಬರಿ ಯಾರಿಗೂ ಬೇಡವಾಗಿತ್ತು. ಬಸಲಿಂಗಯ್ಯನವರಿಗೆ ತಿಳಿದದ್ದು, ಅವರ ಹೆಂಡತಿ ಗೋದುಬಾಯಿ ಒಲೆಯ ಮುಂದೆ ಆ ಪುಸ್ತಕ ಹಿಡಿದು ಒಬ್ಬರೇ ನಗತೊಡಗಿದಾಗ.

ಈಗ ಪುಸ್ತಕದ ಬೆನ್ನಿಗೆ ದಾರ ನಿಲ್ಲುತ್ತಿಲ್ಲ. ಸೋಮವಾರ ರದ್ದಿಯ ಜೊತೆ ಗಿರಣಿಗೆ ಹೋಗಲಿದೆ. ಸತ್ತೆವ್ವನಿಗೆ ಅದೇ ಚಿಂತೆ. ಇಷ್ಟು ವರ್ಷ ತನ್ನ ಕೈಯಾರೆ ಮುಚ್ಚಿದ ಕತೆ ಏನೆಂದು ಅವಳಿಗೇ ಗೊತ್ತಿಲ್ಲ.

“ಗೋದಕ್ಕಾರನ ಕೇಳಿದ್ನಿ. ‘ಹೋಗ ನಮ್ಮವ್ವಾ’ ಅಂತ ಸೆರಗ ಬಾಯಾಗ ತುರಕೊಂಡ್ರು. ಮತ್ತ ನಗೂದ!”

ಏಳಕ್ಕೆ ಬಾಗಿಲು ತೆರೆಯುತ್ತದೆ. ಪಾಳಿ ಮುಗಿಸಿ ಬಂದ ಐದಾರು ಗಂಡಸರು, ಅವರಲ್ಲಿ ಅಮೀರಸಾಬರೂ, ನಿನ್ನೆಯ ಪತ್ರಿಕೆ ಬಿಡಿಸಿಕೊಂಡು ಕೂರುತ್ತಾರೆ. ಸತ್ತೆವ್ವ ಕೈ ಒರೆಸಿಕೊಂಡು ಪುಸ್ತಕವನ್ನು ಮೇಜಿನ ಮೇಲಿಡುತ್ತಾಳೆ. ತಾನು ಅಂಟಿಸಿದ ಪುಟಗಳನ್ನು ತಾನೇ, ಒಂದಿಷ್ಟೂ ಹರಿಯದಂತೆ, ಬಿಡಿಸುತ್ತಾಳೆ.

“ಎಲ್ಲಾರೂ ಓದೀರಿ. ಯಾರರ ಒಬ್ರು ನನಗ ಇದನ್ನ ಓದಿ ಹೇಳ್ರಿ.”

ಪತ್ರಿಕೆಗಳು ಒಂದೊಂದಾಗಿ ಮುಖದ ಮಟ್ಟಕ್ಕೆ ಏರುತ್ತವೆ.